ಬ್ಯಾಟರಿ ತಲೆಗೋ, ಕೈಗೋ?

ಅಫಜಲಪುರ ಕಡೆ ಭೀಮಾ ದಂಡೆಯ ಕಬ್ಬಿಗೆ ರಾತ್ರಿ ನೀರು ಬಿಡಲು ಹೋಗುವವರಿಗೆ ಬ್ಯಾಟರಿ ಬೇಕೇ ಬೇಕು. ಅದನ್ನು ತಲೆಗೆ ಕಟ್ಟಬೇಕಾ, ಕೈಯಲ್ಲಿ ಹಿಡಿಯಬೇಕಾ?

ತಲೆಗೆ ಕಟ್ಟಿದರೆ ಎರಡೂ ಕೈ ಖಾಲಿ. ಸಲಿಕೆ ಹಿಡಿದು ಬದು ಒಡೆಯಬಹುದು, ಪೈಪ್ ಜೋಡಿಸಬಹುದು. ನೋಡಿದ ಕಡೆಗೇ ಬೆಳಕು. ಪಂಪ್‌ಸೆಟ್ಟಿನ ಸ್ಟಾರ್ಟರ್ ಹತ್ತಿರವಂತೂ ಇದೇ ಸರಿ. ಕೈ ಒರೆಸಿಕೊಂಡೇ ಮುಟ್ಟಿ, ದಯವಿಟ್ಟು.

ನಡೆಯುವಾಗ ಮಾತ್ರ ನನ್ನ ಮತ ಕೈಗೇ. ತಲೆಯ ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡುತ್ತದೆ. ಹಾಗಾಗಿ ನೆರಳೆಲ್ಲ ವಸ್ತುವಿನ ಹಿಂದೆ ಅಡಗುತ್ತದೆ. ಎರೆ ಮಣ್ಣಿನ ಬಿರುಕು, ಹೆಂಟೆ, ಸುರುಳಿ ಸುತ್ತಿ ಮಲಗಿದ ಕೊಳಕುಮಂಡಲ, ಎಲ್ಲ ಒಂದೇ ಸಮ ಕಾಣುತ್ತದೆ. ಅದೇ ಬ್ಯಾಟರಿಯನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ ನೋಡಿ. ಬೆಳಕು ಅಡ್ಡ ಬೀಳುತ್ತದೆ. ಸಣ್ಣ ಹೆಂಟೆಗೂ ಉದ್ದ ನೆರಳು. ನೆಲದ ಮೇಲಿದ್ದದ್ದು ಎದ್ದು ಕಾಣುವ ಸಾಧ್ಯತೆ ಜಾಸ್ತಿ. ಚಳಿಗಾಲದ ಮಂಜಿನಲ್ಲೂ ಅಷ್ಟೇ. ಹಣೆಯ ಬೆಳಕು ಹನಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ, ಕೆಳಗಿನದು ಅಷ್ಟು ಬರಲ್ಲ. ಮಳೆಗಾಲದಲ್ಲಿ ಹುಳಗಳೂ ಮುಖಕ್ಕೆ ಮುತ್ತುವುದಿಲ್ಲ.

ಒಂದೇ ಕೊಳ್ಳುವವರು ಪಟ್ಟಿಯಿಂದ ಬಿಚ್ಚಿ ಕೈಯಲ್ಲಿ ಹಿಡಿಯಲು ಬರುವ ತಲೆ ಬ್ಯಾಟರಿ ತಗೊಳ್ಳಿ. ಬದುವಿನ ಮೇಲೆ ನಡೆಯುವಾಗ ಕೈಗೆ, ಕೆಲಸಕ್ಕೆ ನಿಂತಾಗ ತಲೆಗೆ. ಬೆಳಕು ಕಡಿಮೆ ಮಾಡುವ ಗುಂಡಿ ಇರಲಿ. ಇಲ್ಲದಿದ್ದರೆ ಎದುರಿಗೆ ಬಂದವರ ಕಣ್ಣು ಕುಕ್ಕುತ್ತದೆ, ಚಾರ್ಜೂ ಬೇಗ ಮುಗಿಯುತ್ತದೆ. ಯಾವುದೇ ತಗೊಂಡರೂ ಕಾಲಿಗೆ ಗಂಬೂಟು ಬಿಡಬೇಡಿ.