ಸ್ಕಾರ್ಲೆಟ್ 2ಐ2: ಪದಕ್ಕೆ ಸರಿ, ಚೆಂಡೆಗೆ ಹೇಗೆ?

ಕುಂಬಳೆ ಸೀಮೆಯ ನಮ್ಮ ಮನೆಯಲ್ಲಿ ಯಕ್ಷಗಾನದ ಪದ (ಹಾಡು), ಚೆಂಡೆ, ಮದ್ದಳೆ ರೆಕಾರ್ಡ್ ಮಾಡಲು ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಎಂಬ ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಬಳಸುತ್ತಾ ಕೆಲವು ವರ್ಷ ಆಯಿತು. ಇದು ಮೂರನೇ ಜನರೇಶನ್. ಸೌಂಡ್ ಚೆನ್ನಾಗಿದೆ, ಆ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಎಲ್ಲರೂ ಕೇಳುವುದು ಲೇಟೆನ್ಸಿ ವಿಷಯ, ಅಂದರೆ ಮೈಕಿನ ಸದ್ದು ಕಂಪ್ಯೂಟರಿಗೆ ಹೋಗಿ ಹೆಡ್‌ಫೋನಿಗೆ ಬರುವಾಗ ಆಗುವ ತಡ.

ನಮ್ಮಲ್ಲಿ ಮೊದಲು ಭಾಗವತರು ಹಾಡಿ ಮುಗಿಸುತ್ತಾರೆ. ಚೆಂಡೆಯ ಸದ್ದು ಹಾಡಿನ ಮೈಕಿಗೆ ನುಗ್ಗುತ್ತದೆ. ಹಾಗಾಗಿ ಪದವನ್ನು ಹೆಡ್‌ಫೋನ್‌ನಲ್ಲಿ ಕೇಳಿಸಿ ಚೆಂಡೆಯನ್ನು ಆಮೇಲೆ ಹಾಕುತ್ತೇವೆ. ತೊಂದರೆ ಶುರುವಾದದ್ದು ಅಲ್ಲಿ. ‘ಅಣ್ಣಾ, ಒಂದು ಪೆಟ್ಟು ಹಾಕಿದ್ರೆ ಕಿವಿಯಲ್ಲಿ ಎರಡು ಕೇಳ್ತದೆ’ ಎಂದು ಚೆಂಡೆಯ ಹುಡುಗ ಕೋಲು ಕೆಳಗಿಟ್ಟ. ನಿಧಾನದ ಪದದಲ್ಲಿ ಹೇಗೋ ಸುಧಾರಿಸಬಹುದು. ಬಿಡ್ತಿಗೆಯ (ಚೆಂಡೆ, ಮದ್ದಳೆಯ ಬಿರುಸಿನ ನುಡಿತ) ವೇಗ ಬಂದರೆ ಕೈಯೇ ಓಡುವುದಿಲ್ಲ.

ಲೆಕ್ಕ ಸುಲಭ. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್) ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆ, 512 ಇಟ್ಟರೆ ಒಳಗೆ ಬರಲು ಸುಮಾರು 10.7 ಮಿಲಿಸೆಕೆಂಡ್, ಹೊರಗೆ ಹೋಗಲು ಮತ್ತೆ ಅಷ್ಟೇ. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ ತನ್ನದೇ ಚೆಂಡೆ 7 ಮೀಟರ್ ದೂರದಿಂದ ಕೇಳಿದ ಹಾಗೆ!

ಬಫರ್ 64ಕ್ಕೆ ಇಳಿಸಿದರೆ ನನ್ನ ಹಳೇ ಲ್ಯಾಪ್‌ಟಾಪ್ ಚಟಪಟ ಅನ್ನುತ್ತದೆ. ಇಳಿಸುವ ಅಗತ್ಯವೂ ಇಲ್ಲ. ಮುಂದೆ ಡೈರೆಕ್ಟ್ ಮಾನಿಟರ್ ಸ್ವಿಚ್ ಇದೆ ಅಲ್ವಾ, ಅದನ್ನು ಒತ್ತಿ. ಮೈಕಿನ ಸದ್ದು ಕಂಪ್ಯೂಟರಿಗೆ ಸುತ್ತು ಹಾಕದೆ ನೇರ ಹೆಡ್‌ಫೋನಿಗೆ ಬರುತ್ತದೆ. ಆದರೆ ರೀಪರ್‌ನಲ್ಲಿ (ನಾನು ಬಳಸುವ ರೆಕಾರ್ಡಿಂಗ್ ಸಾಫ್ಟ್‌ವೇರ್) ಆ ಟ್ರ್ಯಾಕಿನ ಮಾನಿಟರಿಂಗ್ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಎರಡೂ ಕೇಳಿ ಮತ್ತೆ ಅದೇ ಎರಡು ಪೆಟ್ಟು. ಈಗ ನಾನು ಬಫರ್ 1024 ಇಟ್ಟು ಆರಾಮಾಗಿ ರೆಕಾರ್ಡ್ ಮಾಡುತ್ತೇನೆ.

ಸ್ವಿಚ್ಚಿನಲ್ಲಿ ಮೋನೋ, ಸ್ಟೀರಿಯೋ ಎರಡಿವೆ. ಸ್ಟೀರಿಯೋದಲ್ಲಿ ಚೆಂಡೆ ಎಡಗಿವಿಗೆ, ಮದ್ದಳೆ ಬಲಗಿವಿಗೆ ಹೋಗುತ್ತದೆ. ನಮಗೆ ಮೋನೋವೇ ಸರಿ. ಮೈಕ್ ಮತ್ತು ಹಾಡಿನ ಮಟ್ಟ ಹೊಂದಿಸುವ ಗುಬ್ಬಿ ಇದರಲ್ಲಿಲ್ಲ, ರೀಪರ್‌ನಲ್ಲಿ ಪದದ ಟ್ರ್ಯಾಕ್ ಏರಿಸಿ ಇಳಿಸಿಕೊಳ್ಳಬೇಕು.

ಭಾಗವತರಿಗೆ ಮಾತ್ರ ಒಣ ಸ್ವರ ಹಿಡಿಸುವುದಿಲ್ಲ, ಸ್ವಲ್ಪ ರಿವರ್ಬ್ ಬೇಕು. ಅದಕ್ಕೊಂದು ಉಪಾಯ ಇದೆ. ಡೈರೆಕ್ಟ್ ಮಾನಿಟರ್ ಹಾಗೇ ಇರಲಿ. ರೀಪರ್‌ನಲ್ಲಿ ಮಾನಿಟರಿಂಗ್ ಆನ್ ಮಾಡಿ, ರಿವರ್ಬ್‌ನ ಡ್ರೈ (ಮೂಲ ಸ್ವರ) ಪೂರ್ತಿ ತೆಗೆದು ವೆಟ್ (ಮಾರ್ದನಿ) ಮಾತ್ರ ಬಿಡಿ, ಬಫರ್ 256 ಸಾಕು. ಸ್ವರ ತಡವಿಲ್ಲದೆ ಬರುತ್ತದೆ, ತಡವಾಗುವುದು ರಿವರ್ಬ್ ಮಾತ್ರ. ರಿವರ್ಬ್ ಹೇಗೂ ಹಿಂದಿನಿಂದಲೇ ಬರುವುದು!

ಕೇಳುವುದು ಸರಿಯಾದರೂ ರೆಕಾರ್ಡ್ ಆದದ್ದು ಟೈಮ್‌ಲೈನ್‌ನಲ್ಲಿ ಸರಿದಿರಬಹುದು. ಒಂದು ಕೇಬಲ್‌ನಲ್ಲಿ ಔಟ್‌ಪುಟ್ಟನ್ನು ಇನ್‌ಪುಟ್ಟಿಗೆ ಸಿಕ್ಕಿಸಿ, ಡೈರೆಕ್ಟ್ ಮಾನಿಟರ್ ಆಫ್ ಮಾಡಿ, ಒಂದು ಕ್ಲಿಕ್ ರೆಕಾರ್ಡ್ ಮಾಡಿ. ಹಳೇ ಕ್ಲಿಕ್, ಹೊಸ ಕ್ಲಿಕ್ ಎರಡನ್ನೂ ಹಿಗ್ಗಿಸಿ ನೋಡಿ. ಎಷ್ಟು ಸರಿದಿದೆಯೋ ಅಷ್ಟನ್ನು ರೀಪರ್‌ನ ಪ್ರಿಫರೆನ್ಸಸ್‌ನಲ್ಲಿ ರೆಕಾರ್ಡಿಂಗ್ ಪುಟದ ಮ್ಯಾನುವಲ್ ಆಫ್‌ಸೆಟ್‌ಗೆ ಹಾಕಿ. 48 ಕಿಲೋಹರ್ಟ್ಸ್‌ನಲ್ಲಿ 48 ಸ್ಯಾಂಪಲ್ ಅಂದರೆ 1 ಮಿಲಿಸೆಕೆಂಡ್.

ವಿಂಡೋಸ್‌ನವರು ಡ್ರೈವರ್ ಮರೆಯಬೇಡಿ. ರೀಪರ್‌ನಲ್ಲಿ ಫೋಕಸ್‌ರೈಟ್‌ನದ್ದೇ ಏಸಿಯೋ (ASIO, ತಡ ಕಡಿಮೆ ಮಾಡುವ ಆಡಿಯೋ ಡ್ರೈವರ್) ಆರಿಸಿ. ಚಟಪಟ ನಿಲ್ಲದಿದ್ದರೆ ವೈಫೈ ಆಫ್ ಮಾಡಿ ನೋಡಿ, ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಕಳ್ಳ.

ಜೋರು ಮಳೆಯ ಆಟಿ ತಿಂಗಳಲ್ಲಿ ಇಲ್ಲಿ ಕರೆಂಟಿನ ಕಥೆ ಗೊತ್ತಲ್ಲ. ಈ ಪೆಟ್ಟಿಗೆ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಓಡುವುದರಿಂದ ಮಧ್ಯದಲ್ಲಿ ಕರೆಂಟ್ ಹೋದರೂ ರೆಕಾರ್ಡಿಂಗ್ ನಿಲ್ಲುವುದಿಲ್ಲ. ಬ್ಯಾಟರಿ ಸೇವರ್ ಮಾತ್ರ ಮೊದಲೇ ಆಫ್ ಇರಲಿ. ಹಂಚಿನ ಮೇಲೆ ಬೀಳುವ ಮಳೆಗೆ ಯಾವ ಇಂಟರ್‌ಫೇಸಿನಲ್ಲೂ ಮದ್ದಿಲ್ಲ.

ಇಡೀ ಹಿಮ್ಮೇಳವನ್ನು ಒಟ್ಟಿಗೆ ಕೂರಿಸಿ ರೆಕಾರ್ಡ್ ಮಾಡುವವರು ಇದನ್ನು ತಗೊಳ್ಳಬೇಡಿ. ಮೈಕ್ ಸಿಕ್ಕಿಸಲು ಇರುವುದು ಎರಡೇ ಜಾಗ.