ಪರ್ಸಿ ಜಾಕ್ಸನ್‌: ಎರಡು ಸಿನಿಮಾ, ಒಂದು ಸರಣಿ, ವಿಮರ್ಶಕರ ಅಂಕಪಟ್ಟಿ ಮತ್ತು ನಮ್ಮನೆ ಅಂಕಪಟ್ಟಿ

ಗ್ರೀಕ್ ಪುರಾಣದ ಸಮುದ್ರದೇವರು ಪೊಸೈಡನ್‌ಗೆ ಇವತ್ತಿನ ಅಮೆರಿಕದಲ್ಲಿ ಹುಟ್ಟಿದ ಮಗ ಪರ್ಸಿ ಜಾಕ್ಸನ್, ಕಳುವಾದ ಸಿಡಿಲಿನ ಬೆನ್ನು ಹತ್ತುವ ಕಥೆ ಇದು. ಕ್ರಿಸ್ ಕೊಲಂಬಸ್ ನಿರ್ದೇಶಿಸಿದ ‘ದಿ ಲೈಟ್ನಿಂಗ್ ಥೀಫ್’ 2010ರ ಫೆಬ್ರುವರಿಯಲ್ಲಿ ಬಂತು. ವಿಮರ್ಶೆಗಳನ್ನು ಒಟ್ಟುಹಾಕುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನಲ್ಲಿ ಅದು ನೂರಕ್ಕೆ 50ನ್ನೂ ದಾಟಲಿಲ್ಲ. 2013ರ ‘ಸೀ ಆಫ್ ಮಾನ್‌ಸ್ಟರ್ಸ್’ ಇನ್ನೂ ಕೆಳಗೆ, 40ರ ಆಸುಪಾಸಿಗೆ ನಿಂತಿತು. ಮೊದಲ ಸಿನಿಮಾದ ಕಥೆಯನ್ನೇ ಡಿಸ್ನಿ ಪ್ಲಸ್ 2023ರ ಡಿಸೆಂಬರ್‌ನಲ್ಲಿ ಸರಣಿಯಾಗಿ ತಂದಾಗ 90ರ ಸುತ್ತ ಸಿಕ್ಕಿತು. ಇಷ್ಟು ನೋಡಿದರೆ ಹೋಲಿಸೋದಕ್ಕೆ ಇನ್ನೇನಿದೆ ಅನ್ನಿಸಬೇಕು. ರಜೆಯಲ್ಲಿ ಅಕ್ಕನ ಮಗಳ ಜೊತೆ ಕೂತು ಮೂರನ್ನೂ ಬೆನ್ನುಬೆನ್ನಿಗೆ ನೋಡಿದೆ. ಅವಳು ರಿಕ್ ರಿಯರ್ಡನ್ ಬರೆದ ಮೂಲ ಮಾಲಿಕೆಯ ಐದೂ ಪುಸ್ತಕ ಅರೆದು ಕುಡಿದವಳು. ನಾನು ಮೊದಲನೆಯದನ್ನು ಮಾತ್ರ ಓದಿದವನು. ಸರಣಿಯೇ ಮೇಲು ಎಂಬುದರಲ್ಲಿ ನಮ್ಮಿಬ್ಬರಿಗೂ ತಕರಾರಿಲ್ಲ. ಆದರೆ 50ಕ್ಕೂ 90ಕ್ಕೂ ಇರುವಷ್ಟು ದೂರ ಈ ಎರಡರ ನಡುವೆ ಇಲ್ಲ ಅನ್ನೋದು ನನ್ನ ವಾದ. ಅವಳು ಇದನ್ನು ಒಪ್ಪೋದಿಲ್ಲ.

ಈ ಅಂಕದ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ರಾಟನ್ ಟೊಮ್ಯಾಟೋಸ್‌ನ ಶೇಕಡಾವಾರು ಪರೀಕ್ಷೆಯ ಮಾರ್ಕ್ಸ್ ಅಲ್ಲ. ನೂರು ವಿಮರ್ಶಕರಲ್ಲಿ ಎಷ್ಟು ಮಂದಿ ‘ಪರವಾಗಿಲ್ಲ, ನೋಡಬಹುದು’ ಅಂದರು ಎಂಬ ಲೆಕ್ಕ ಅಷ್ಟೇ. ಯಾರಿಗೂ ಪ್ರಾಣ ಹೋಗುವಷ್ಟು ಇಷ್ಟವಾಗದೆ ಎಲ್ಲರಿಗೂ ಸಾಧಾರಣ ಹಿಡಿಸಿದ ಚಿತ್ರಕ್ಕೆ 95 ಬರಬಹುದು. ಅರ್ಧ ಮಂದಿ ಮೆಚ್ಚಿ ಅರ್ಧ ಮಂದಿ ಮೂಗು ಮುರಿದರೆ 50. ಮೊದಲ ಸಿನಿಮಾದ ವಿಷಯದಲ್ಲಿ ಆಗಿದ್ದು ಹೆಚ್ಚುಕಡಿಮೆ ಎರಡನೆಯದು. ಆಗಿನ ವಿಮರ್ಶಕರಲ್ಲಿ ದೊಡ್ಡ ಹೆಸರಾಗಿದ್ದ ರೋಜರ್ ಈಬರ್ಟ್ ಅದಕ್ಕೆ ನಾಲ್ಕರಲ್ಲಿ ಮೂರು ನಕ್ಷತ್ರ ಕೊಟ್ಟಿದ್ದರು. ಅದು ತಿಪ್ಪೆಗೆ ಎಸೆಯುವ ಚಿತ್ರಕ್ಕೆ ಕೊಡುವ ಅಂಕ ಅಲ್ಲ.

ಹಾಗಾದರೆ ಮೂಗು ಮುರಿದವರ ಸಿಟ್ಟು ಯಾತರದ್ದು? ಮುಖ್ಯವಾಗಿ ಹ್ಯಾರಿ ಪಾಟರ್‌ದು. ತಾನು ಯಾರೆಂದು ಗೊತ್ತಿಲ್ಲದ ಹುಡುಗ, ಅವನಂಥವರಿಗಾಗಿಯೇ ಇರುವ ಗುಟ್ಟಿನ ಶಿಬಿರ, ಜಾಣೆ ಗೆಳತಿ, ನಗಿಸುವ ಗೆಳೆಯ. ಈ ಹೋಲಿಕೆ ಪುಸ್ತಕದಲ್ಲೇ ಇತ್ತು. ಅದರ ಮೇಲೆ ಸ್ಟುಡಿಯೋದವರು ಪಾಟರ್ ಸರಣಿಯ ಮೊದಲೆರಡು ಚಿತ್ರ ಮಾಡಿದ ಕೊಲಂಬಸ್‌ರನ್ನೇ ಕರೆತಂದರು. ಪಾಟರ್‌ನ ದುಡ್ಡು ತಮಗೂ ಬೇಕು ಅನ್ನೋದನ್ನು ಅವರು ಮುಚ್ಚಿಟ್ಟೇ ಇರಲಿಲ್ಲ. ವಿಮರ್ಶಕರು ಅದೇ ಅಳತೆಗೋಲು ಹಿಡಿದರೆ ದೂರುವುದು ಕಷ್ಟ. ಆದರೂ ಈಗ, ಆ ಗದ್ದಲವೆಲ್ಲ ಇಳಿದ ಮೇಲೆ ನೋಡಿದಾಗ, ಪಾಟರ್ ನೆನಪೇ ಆಗದಂಥ ಹತ್ತಾರು ನಿಮಿಷ ಸಿಗುತ್ತವೆ. ನ್ಯಾಶ್‌ವಿಲ್‌ನಲ್ಲಿ ನಿಜಕ್ಕೂ ಇರುವ ಪಾರ್ಥೆನಾನ್ ದೇಗುಲದ ಪ್ರತಿಕೃತಿಯೊಳಗೆ ಬಹುತಲೆಯ ಹಾವು ಹೈಡ್ರಾ ಹೆಡೆ ಎತ್ತುತ್ತದೆ. ಪಾತಾಳಕ್ಕೆ ಇಳಿಯುವ ಬಾಗಿಲು ಹಾಲಿವುಡ್ ಫಲಕದ ಅಡಿಯಲ್ಲಿದೆ. ಪಾತಾಳದ ದೊರೆ ಹೇಡೀಸ್ ಆಗಿ ಬರುವ ಸ್ಟೀವ್ ಕೂಗನ್, ಸಂಗೀತ ಕಚೇರಿ ಮುಗಿಸಿ ಸುಸ್ತಾದ ರಾಕ್ ಗಾಯಕನ ಹಾಗೆ ಚರ್ಮದ ಜಾಕೆಟ್ ಹಾಕಿಕೊಂಡು ಓಡಾಡುತ್ತಾರೆ. ಅಮೆರಿಕದ ರಸ್ತೆಬದಿಯ ಥಳಕನ್ನೇ ಪುರಾಣದ ಭೂಗೋಳ ಮಾಡುವ ಈ ತುಂಟತನ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಯಿಂದ ಬಂದದ್ದಲ್ಲ.

ಪುಸ್ತಕದ ಅಭಿಮಾನಿಗಳ ಸಿಟ್ಟು ಬೇರೆಯೇ. ಅದರಲ್ಲಿ ಹೆಚ್ಚು ನ್ಯಾಯ ಇದೆ. ಪುಸ್ತಕದ ಪರ್ಸಿಗೆ 12 ವರ್ಷ. ಸಿನಿಮಾದಲ್ಲಿ ಅವನು 16ಕ್ಕೆ ಬೆಳೆದು, ನಟ ಲೋಗನ್ ಲರ್ಮನ್ ಅದಕ್ಕೂ ತುಸು ದೊಡ್ಡವನಾಗಿ ಕಾಣುತ್ತಾನೆ. ಹೀಗೆ ವಯಸ್ಸು ಏರಿಸಬೇಡಿ, ಓದಿದ ಮಕ್ಕಳೂ ಬರೋದಿಲ್ಲ, ದೊಡ್ಡ ಹುಡುಗರೂ ಬರೋದಿಲ್ಲ ಎಂಬ ಅರ್ಥದಲ್ಲಿ ರಿಯರ್ಡನ್ 2009ರಲ್ಲೇ ನಿರ್ಮಾಪಕರಿಗೆ ಬರೆದಿದ್ದರು. ಆ ಪತ್ರಗಳನ್ನು 2018ರಲ್ಲಿ ತಾವೇ ಹೊರಗೆ ಹಾಕಿದರು. ಶಾಲೆಯಲ್ಲಿ ಮೇಷ್ಟರಾಗಿದ್ದವರು, ಓದುವುದಕ್ಕೂ ಒಂದೆಡೆ ಕೂರುವುದಕ್ಕೂ ಕಷ್ಟಪಡುತ್ತಿದ್ದ ಸ್ವಂತ ಮಗನಿಗಾಗಿ ಈ ಕಥೆ ಕಟ್ಟಿದವರು. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದುವ ತೊಡಕು, ಇರುವ ಕಣ್ಣು ಹುಟ್ಟಿನಿಂದಲೇ ಪ್ರಾಚೀನ ಗ್ರೀಕ್ ಓದಲು ಸಜ್ಜಾದದ್ದು, ಚಡಪಡಿಕೆ ಅಂದರೆ ಯುದ್ಧಕ್ಕೆ ಬೇಕಾದ ಚುರುಕು ಎಂಬುದು ಪುಸ್ತಕದ ಜೀವಾಳ. ಸಿನಿಮಾದಲ್ಲೂ ಈ ಮಾತು ಇದೆ, ಆದರೆ ಬಂದ ಹಾಗೆ ಹೋಗಿಬಿಡುತ್ತದೆ. 12ರ ಹುಡುಗ ‘ನಾನು ದಡ್ಡ’ ಅಂದುಕೊಂಡರೆ ಹೊಟ್ಟೆ ಚುರುಕ್ ಅನ್ನುತ್ತೆ. ಹುರಿಗಟ್ಟಿದ ಮೈಯ 16ರವನು ಅಂದುಕೊಂಡರೆ ಅಷ್ಟಿಲ್ಲ.

ಸರಣಿಯಲ್ಲಿ ಪರ್ಸಿಯಾಗಿರುವ ವಾಕರ್ ಸ್ಕೋಬೆಲ್ ಹುಟ್ಟಿದ್ದು 2009ರಲ್ಲಿ. ಇನ್ನೂ ಒಡೆಯದ ದನಿ, ಮೂಳೆಮೂಳೆ ಮೈ, ದೊಡ್ಡವರ ಮೇಲೆ ಸದಾ ಒಂದು ಮೊನಚು ಮಾತು. ಗೆಳತಿ ಆನಬೆತ್ ಆಗಿ ಲಿಯಾ ಸಾವಾ ಜೆಫ್ರೀಸ್, ಗೆಳೆಯ ಗ್ರೋವರ್ ಆಗಿ ಭಾರತೀಯ ಮೂಲದ ಆರ್ಯನ್ ಸಿಂಹಾದ್ರಿ. ಈ ಮೂವರು ಬಸ್ಸಿನಲ್ಲಿ ಒಬ್ಬರಿಗೊಬ್ಬರು ಕಿರಿಕಿರಿ ಮಾಡಿಕೊಂಡು ಹೋಗೋದನ್ನು ನೋಡುತ್ತಿದ್ದರೆ ರಾಕ್ಷಸರು ಬರದಿದ್ದರೂ ನಡೆದೀತು. ವಿಮರ್ಶಕರು ಹೆಚ್ಚು ಹೊಗಳಿದ್ದೂ ಇವರನ್ನೇ. ರಿಯರ್ಡನ್ ಈ ಸಲ ಸರಣಿಯ ಸೃಷ್ಟಿಕರ್ತರಲ್ಲಿ ಒಬ್ಬರು. ಲಗಾಮು ಅವರ ಕೈಲೂ ಇತ್ತು.

ಎರಡನ್ನೂ ಒರೆಗೆ ಹಚ್ಚಲು ನಾನು ಮೊದಲು ಹಿಡಿದದ್ದು, ಕಣ್ಣಿಗೆ ಕಣ್ಣಿಟ್ಟವರನ್ನು ಕಲ್ಲಾಗಿಸುವ ಹಾವುಗೂದಲ ಮೆಡೂಸಾಳ ಪ್ರಸಂಗ.

ಸಿನಿಮಾದಲ್ಲಿ ಊಮಾ ಥರ್ಮನ್. ಕಪ್ಪು ಕನ್ನಡಕ, ನೀಳ ಕೋಟು, ತಲೆ ತುಂಬ ಹಾವು, ಮಾತಿನಲ್ಲಿ ಬೇಕೆಂದೇ ಸುರಿದ ಜೇನು. ಪಾಳು ತೋಟದಲ್ಲಿ ಕಲ್ಲಾಗಿ ನಿಂತ ಗಿರಾಕಿಗಳ ನಡುವೆ ಅಟ್ಟಾಡಿಸುತ್ತಾಳೆ. ಗ್ರೀಕ್ ಪುರಾಣದ ವೀರ ಪರ್ಸಿಯಸ್ ಗುರಾಣಿಯಲ್ಲಿ ಬಿಂಬ ನೋಡಿಕೊಂಡು ತಲೆ ಕಡಿದ. ಈ ಪರ್ಸಿ ಐಪಾಡ್‌ನ ಬೆನ್ನಿನಲ್ಲಿ ನೋಡಿಕೊಂಡು ಕಡಿಯುತ್ತಾನೆ. ಇದನ್ನು ಜಾಹೀರಾತು ಅಂತ ಜರಿಯಬಹುದು. ನನಗೆ ಮಾತ್ರ ಪುರಾಣವನ್ನು ಇವತ್ತಿನ ಜೇಬಿಗೆ ಇಳಿಸುವ ಕೆಲಸ ಇಡೀ ಚಿತ್ರದಲ್ಲೇ ಅತ್ಯಂತ ಚೆನ್ನಾಗಿ ಆಗಿರುವುದು ಇಲ್ಲೇ ಅನ್ನಿಸಿತು. ಅದೇ 2010ರ ಏಪ್ರಿಲ್‌ನಲ್ಲಿ ‘ಕ್ಲ್ಯಾಶ್ ಆಫ್ ದಿ ಟೈಟನ್ಸ್’ ಕೂಡ ಒಂದು ಮೆಡೂಸಾಳನ್ನು ತೋರಿಸಿತು. ಅದು ಬರೀ ಕಂಪ್ಯೂಟರಿನ ಹಾವು. ಥರ್ಮನ್‌ರದ್ದು ನಟನೆ.

ಸರಣಿಯಲ್ಲಿ ಇದೇ ಪ್ರಸಂಗ ಮೂರನೇ ಕಂತು. ಜೆಸ್ಸಿಕಾ ಪಾರ್ಕರ್ ಕೆನಡಿ ಹ್ಯಾಟಿನಿಂದ ಇಳಿಬಿದ್ದ ಪರದೆಯ ಹಿಂದೆ ಮುಖ ಮರೆಸಿಕೊಂಡು ಮಕ್ಕಳನ್ನು ಊಟಕ್ಕೆ ಕರೆಯುತ್ತಾಳೆ. ಅಟ್ಟಾಟ ಕಡಿಮೆ, ಮಾತೇ ಹೆಚ್ಚು. ಎದುರಿಗೆ ಕೂತಿರುವ ಒಬ್ಬಳು ಜ್ಞಾನದೇವತೆ ಅಥೀನಾಳ ಮಗಳು, ಇನ್ನೊಬ್ಬ ಪೊಸೈಡನ್‌ನ ಮಗ. ಮೆಡೂಸಾಳ ಬದುಕು ಹಾಳು ಮಾಡಿದ್ದು ಇವರಿಬ್ಬರ ಹೆತ್ತವರೇ. ಅವಳು ತನ್ನ ಕಥೆ ಹೇಳುತ್ತಾ ಹೋದ ಹಾಗೆ ಆನಬೆತ್‌ಳ ಮುಖ ಬಿಗಿಯುತ್ತದೆ, ಪರ್ಸಿಗೆ ಯಾರ ಕಡೆ ನಿಲ್ಲಬೇಕು ತಿಳಿಯದಾಗುತ್ತದೆ. ಮೊದಲ ಕಂತಿನಲ್ಲಿ ತಾಯಿ ಸ್ಯಾಲಿ ವಸ್ತುಸಂಗ್ರಹಾಲಯದ ಪರ್ಸಿಯಸ್ ಶಿಲ್ಪದ ಮುಂದೆ ಮಗನಿಗೆ, ವೀರನಂತೆ ಕಾಣುವವರೆಲ್ಲ ವೀರರಲ್ಲ, ರಾಕ್ಷಸರಂತೆ ಕಾಣುವವರೆಲ್ಲ ರಾಕ್ಷಸರಲ್ಲ ಅಂತ ಹೇಳಿರುತ್ತಾಳೆ. ಆ ಮಾತಿನ ಬಡ್ಡಿ ಇಲ್ಲಿ ವಸೂಲಾಗುತ್ತದೆ. ಇದು ಪುಸ್ತಕಕ್ಕಿಂತಲೂ ಒಂದು ಕೈ ಮೇಲು, ಹೇಳಿಬಿಡುತ್ತೇನೆ. ಅಕ್ಕನ ಮಗಳು ರಿಮೋಟ್ ಕಿತ್ತುಕೊಂಡು ಮತ್ತೆ ಹಿಂದಕ್ಕೆ ಹಾಕಿ ನೋಡಿದ್ದು ಈ ದೃಶ್ಯವನ್ನೇ. ತಂದೆ ದೇವರು, ಆದರೆ ಮಗನ ಕಡೆ ತಿರುಗಿ ನೋಡದ ದೇವರು ಎಂಬ ನೋವು ಕರ್ಣನ ಕಥೆ ಕೇಳಿ ಬೆಳೆದ ನಮಗೆ ಹೊಸದಲ್ಲ. ಸರಣಿಗೆ ಅದು ಅರ್ಥವಾಗಿದೆ.

ಮೆಡೂಸಾ ಸುತ್ತು ಸರಣಿಗೆ ಹೋಯಿತು. ಇನ್ನು ಲೋಟಸ್ ಕ್ಯಾಸಿನೊ.

ಲಾಸ್ ವೇಗಸ್‌ನ ಆ ಜೂಜುಕೋಣೆಯೊಳಗೆ ಹೋದವರಿಗೆ ಹೊತ್ತು ಹೋಗಿದ್ದೇ ತಿಳಿಯೋದಿಲ್ಲ. ಗ್ರೀಕ್ ಮಹಾಕಾವ್ಯ ಒಡಿಸ್ಸಿಯಲ್ಲಿ ಬರುವ, ಕಮಲ ತಿಂದು ಊರನ್ನೇ ಮರೆಯುವವರ ಕಥೆಯೇ ಇದು. ಸಿನಿಮಾದಲ್ಲಿ ಮೂವರೂ ತಟ್ಟೆಯಲ್ಲಿ ಬಂದ ಹೂವಿನ ತಿಂಡಿ ಬಾಯಿಗೆ ಹಾಕಿಕೊಳ್ಳುತ್ತಾರೆ, ಲೇಡಿ ಗಾಗಾಳ ಹಾಡು ಶುರುವಾಗುತ್ತದೆ, ಕುಣಿಯುತ್ತಾರೆ, ನಾವೂ ಜೊತೆಗೆ ಮರೆಯುತ್ತೇವೆ. ಪಕ್ಕದಲ್ಲಿರುವವನು ಇನ್ನೂ 1971ರಲ್ಲೇ ಇದ್ದಾನೆ ಅಂತ ಗೊತ್ತಾದಾಗ ಪರ್ಸಿಯ ಜೊತೆ ನಮಗೂ ಧಿಗ್ಗೆನ್ನುತ್ತದೆ. ಬಲೆ ಹೇಗೆ ಕೆಲಸ ಮಾಡುತ್ತೆ ಅಂತ ನೋಡುಗನ ಮೇಲೇ ಪ್ರಯೋಗ ಮಾಡಿ ತೋರಿಸಿದ ಹಾಗೆ. ಸರಣಿಯಲ್ಲಿ? ಮಕ್ಕಳು ಬಾಗಿಲು ದಾಟುವ ಮೊದಲೇ ಇದು ಕಮಲ ತಿನ್ನುವವರ ಜಾಗ ಅಂತ ಹೇಳಿ ಮುಗಿಸಿರುತ್ತಾರೆ, ಏನೂ ತಿನ್ನಬಾರದು ಅಂತ ಮಾತಾಡಿಕೊಂಡೇ ಒಳಗೆ ಹೋಗುತ್ತಾರೆ. ಆಮೇಲೂ ಹೊತ್ತು ಜಾರುತ್ತೆ, ಗಡುವು ತಪ್ಪುತ್ತೆ, ಅದು ಜಾಣ ತಿರುವೇ. ಆದರೆ ಮೋಡಿ ಎಲ್ಲಿದೆ? ಲಿನ್-ಮ್ಯಾನುಯೆಲ್ ಮಿರಾಂಡಾ ದೇವತೆಗಳ ದೂತ ಹರ್ಮೀಸ್ ಆಗಿ ಬಂದು ಮಗ ಲೂಕ್‌ನ ಬಗ್ಗೆ ಕೊರಗುವುದು ಚೆನ್ನಾಗಿದೆ, ಸುತ್ತಲಿನ ಕ್ಯಾಸಿನೊ ಮಾತ್ರ ಮಬ್ಬುಗತ್ತಲಿನ ಮಾಲ್.

ಸರಣಿಯ ಬಗ್ಗೆ ಹಲವು ವಿಮರ್ಶಕರು ಎತ್ತಿದ ದೂರೂ ಇದೇ: ಮಕ್ಕಳಿಗೆ ಎಲ್ಲ ಮೊದಲೇ ಗೊತ್ತು, ಅಪಾಯ ಬರುವ ಮೊದಲೇ ವಿವರಣೆ ಬರುತ್ತೆ, ಚಿತ್ರಿಕೆ ಕತ್ತಲು. 90 ಕೊಟ್ಟವರ ಒಳಗೇ ಈ ಗೊಣಗಾಟ ಇತ್ತು, ಶೇಕಡಾವಾರಿನಲ್ಲಿ ಅದು ಕಾಣೋದಿಲ್ಲ ಅಷ್ಟೇ. ಸಿನಿಮಾಗೆ ‘ಅವಸರ’ ಅಂತ ಬೈದರು, ಸರಣಿಗೆ ‘ಮಾತು ಜಾಸ್ತಿ’ ಅಂದರು. ಒಂದಕ್ಕೆ ಸುಮಾರು ಎರಡು ಗಂಟೆ, ಇನ್ನೊಂದಕ್ಕೆ ಎಂಟು ಕಂತು. ಎರಡು ಗಂಟೆಯ ಸಿನಿಮಾ ಯುದ್ಧದೇವರು ಏರೀಸ್‌ನ ಪಿತೂರಿಯನ್ನೂ, ದೇವರುಗಳ ಹಳೆಯ ಶತ್ರು ಕ್ರೋನಸ್‌ನನ್ನೂ ಕೈಬಿಟ್ಟು, ಅವರ ಬದಲು ಮುತ್ತು ಹುಡುಕುವ ಆಟ ಕಟ್ಟಿತು. ಹಿಂದಿನ ಪಿತೂರಿಯೇ ಮಾಯವಾಗಿ, ಲೂಕ್ ಯಾಕೆ ಸಿಡಿಲಿನ ಕಳ್ಳನಾದ ಅನ್ನೋದು ಪೊಳ್ಳಾಯಿತು. ಎಂಟು ಕಂತಿನ ಸರಣಿ ಯಾರನ್ನೂ ಬಿಡಲಿಲ್ಲ. ಆದರೆ ಓದಿದವರಿಗೆ ಎಲ್ಲಿ ಬೇಸರವಾದೀತೋ ಎಂಬ ಅಳುಕಿನಲ್ಲಿ ಓದದವರಿಗೆ ಸಿಗಬೇಕಾದ ಬೆರಗನ್ನು ಮೊಟಕು ಮಾಡಿತು.

ಎರಡನೇ ಸಿನಿಮಾದ ಬಗ್ಗೆ ಹೆಚ್ಚು ಹೇಳೋದಿಲ್ಲ. ನಿರ್ದೇಶಕ ಬದಲಾಗಿ ಥೋರ್ ಫ್ರಾಯ್ಡೆನ್‌ಥಾಲ್ ಬಂದರು, ಶಿಬಿರದ ಗುರು ಕೈರಾನ್ ಪಾತ್ರಕ್ಕೆ ಪಿಯರ್ಸ್ ಬ್ರಾಸ್ನನ್ ಹೋಗಿ ಆಂಥನಿ ಹೆಡ್ ಬಂದರು, ಅಭಿಮಾನಿಗಳನ್ನು ಸಮಾಧಾನ ಮಾಡಲು ಆನಬೆತ್‌ಳ ಕೂದಲು ಹೊಂಬಣ್ಣಕ್ಕೆ ತಿರುಗಿತು. ಮೊದಲನೆಯದರಲ್ಲಿ ಹೆಸರಿಗಷ್ಟೇ ಇದ್ದ ಮದ್ಯದ ದೇವರು ಡಯೊನೈಸಸ್ ಇಲ್ಲಿ ಸ್ಟ್ಯಾನ್ಲಿ ಟೂಚಿಯ ರೂಪದಲ್ಲಿ ಬಂದಿದ್ದು ಲಾಭ. ಒಂದೇ ಕಣ್ಣನ್ನು ಹಂಚಿಕೊಂಡು ಟ್ಯಾಕ್ಸಿ ಓಡಿಸುವ ಮೂವರು ಮುದುಕಿಯರು ನಗಿಸುತ್ತಾರೆ. ಆಮೇಲೆ ಕೊನೆಯಲ್ಲಿ ಕ್ರೋನಸ್ ಧುತ್ತೆಂದು ಎದ್ದು, ಹೆಚ್ಚು ಹೊತ್ತು ಹೋಗುವ ಮೊದಲೇ ಸೋತು ಹೋಗುತ್ತಾನೆ. “ಮಾಮ, ಅವನು ಏಳೋದು ನಾಲ್ಕನೇ ಪುಸ್ತಕದಲ್ಲಿ” ಅಂತ ಪಕ್ಕದಿಂದ ದನಿ ಬಂತು. ಮುಂದಿನ ಚಿತ್ರಗಳಿಗೆ ಇಡಬೇಕಾಗಿದ್ದ ದೊಡ್ಡ ಖಳನನ್ನು ಇಲ್ಲೇ ಖರ್ಚು ಮಾಡಿದ ಮೇಲೆ ಮೂರನೇ ಚಿತ್ರ ಬರಲೂ ಇಲ್ಲ. ಇಲ್ಲಿ ನಾನೂ ವಿಮರ್ಶಕರೂ ಒಂದೇ ಕಡೆ. ಸರಣಿಯ ಎರಡನೇ ಸೀಸನ್ 2025ರ ಡಿಸೆಂಬರ್‌ನಲ್ಲಿ ಇದೇ ಪುಸ್ತಕವನ್ನು ಎತ್ತಿಕೊಂಡಿತು. ಆ ಹೋಲಿಕೆಗೆ ನಾವಿನ್ನೂ ಕೂತಿಲ್ಲ.

ದುಡ್ಡಿನ ಲೆಕ್ಕದಲ್ಲಿ ಮೊದಲ ಸಿನಿಮಾ ಸೋತದ್ದಲ್ಲ ಅನ್ನೋದನ್ನೂ ಸೇರಿಸಬೇಕು. ಸುಮಾರು 9.5 ಕೋಟಿ ಡಾಲರ್ ಹಾಕಿ ಜಗತ್ತಿನಾದ್ಯಂತ 22 ಕೋಟಿಗೂ ಮೇಲೆ ತೆಗೆದರು. ಅದಕ್ಕೇ ಎರಡನೆಯದು ಹುಟ್ಟಿದ್ದು.

ಪುಸ್ತಕ ಓದದ ಮಕ್ಕಳಿಗೆ ಯಾವುದು ಮೊದಲು ಅಂತ ಯಾರಾದರೂ ಕೇಳಿದರೆ ನಾನು 2010ರ ಸಿನಿಮಾ ಹಾಕುತ್ತೇನೆ. ಒಂದು ಸಂಜೆಗೆ ಮುಗಿಯುತ್ತೆ, ಥರ್ಮನ್ ಇದ್ದಾಳೆ, ಕ್ಯಾಸಿನೊ ಇದೆ, ಗ್ರೀಕ್ ಹೆಸರುಗಳು ಕಿವಿಗೆ ಬೀಳುತ್ತವೆ. ಆಮೇಲೆ ಸರಣಿ. ಉಲ್ಟಾ ಮಾಡಿದರೆ ಸಿನಿಮಾ ಪೇಲವ ಅನ್ನಿಸುವುದು ಖಂಡಿತ. ಓದಿದ ಮಕ್ಕಳಿಗೆ ನೇರ ಸರಣಿ. ಅವರ ಪಕ್ಕ ಕೂತು ಸಿನಿಮಾ ನೋಡುವುದು ಸುಖದ ಕೆಲಸ ಅಲ್ಲ, ಅನುಭವದಿಂದ ಹೇಳುತ್ತಿದ್ದೇನೆ.

ಇನ್ನೊಂದು ವಿಷಯದಲ್ಲಿ ಮಾತ್ರ ಸಿನಿಮಾ, ಸರಣಿ ಎರಡಕ್ಕೂ ನಾನು ಅಂಕ ಕೊಡಲಾರೆ. ಸ್ಯಾಲಿಯ ಗಂಡ ಗೇಬ್, ಮನೆಯೊಳಗಿನ ರಾಕ್ಷಸ. ಪುಸ್ತಕದ ಕೊನೆಯಲ್ಲಿ ಪರ್ಸಿ ಮೆಡೂಸಾಳ ತಲೆಯನ್ನು ಅಮ್ಮನ ಹತ್ತಿರ ಬಿಡುತ್ತಾನೆ, ಏನು ಮಾಡಬೇಕೆಂದು ಅವಳೇ ತೀರ್ಮಾನಿಸುತ್ತಾಳೆ. ಗೇಬ್ ಕಲ್ಲಾಗುತ್ತಾನೆ, ಆ ಕಲ್ಲನ್ನು ಕಲಾಕೃತಿ ಅಂತ ಮಾರಿ ಬಂದ ದುಡ್ಡಿನಲ್ಲಿ ಅವಳು ಹೊಸ ಬದುಕು ಶುರು ಮಾಡುತ್ತಾಳೆ. ಮಕ್ಕಳ ಪುಸ್ತಕಕ್ಕೆ ಎಂಥ ಗಟ್ಟಿ ಗುಂಡಿಗೆ! ಸಿನಿಮಾದಲ್ಲಿ ಗೇಬ್ ತಾನೇ ಫ್ರಿಜ್ ಬೀಗ ಒಡೆದು ಕಲ್ಲಾಗುತ್ತಾನೆ. ಸರಣಿಯಲ್ಲಿ ಪರ್ಸಿ ಹೆಸರಿಗೆ ಬಂದ ಪೊಟ್ಟಣವನ್ನು ತಾನೇ ಬಿಚ್ಚಿ ಕಲ್ಲಾಗುತ್ತಾನೆ. ಎರಡು ಕಡೆಯೂ ಹೆಸರುಪಟ್ಟಿಯ ನಡುವೆ ಬಂದು ಹೋಗುವ ತಮಾಷೆ, ಎರಡು ಕಡೆಯೂ ಸ್ಯಾಲಿಯ ಕೈಗೆ ಮಸಿ ಇಲ್ಲ. ಕೊಲಂಬಸ್‌ಗೆ ಹೆದರಿಕೆ ಇದ್ದಿರಬಹುದು ಬಿಡಿ. ಲೇಖಕರೇ ಕೂತಿದ್ದ ಸರಣಿ ಅದನ್ನು ಯಾಕೆ ಬಿಟ್ಟುಕೊಟ್ಟಿತು ಅಂತ ನಾವಿಬ್ಬರೂ ರಾತ್ರಿ ಊಟಕ್ಕೆ ಕೂತಾಗಲೂ ಜಗಳ ಆಡಿದೆವು.