ಪ್ರತಿ ಜಲಾಶಯದ ಕೊನೆಯ ದಾಖಲೆ: ಪೋಸ್ಟ್‌ಗ್ರೆಸ್‌ನ ನಾಲ್ಕು ದಾರಿಗಳ ಹೋಲಿಕೆ

ಕೆಆರ್‌ಎಸ್, ಕಬಿನಿ, ಹಾರಂಗಿ, ಲಿಂಗನಮಕ್ಕಿ, ಆಲಮಟ್ಟಿ, ತುಂಗಭದ್ರಾ ಎಂದು ಕೆಲವೇ ಜಲಾಶಯಗಳಿದ್ದು, ಪ್ರತಿಯೊಂದಕ್ಕೂ ಗಂಟೆಗೊಂದರಂತೆ ಹಲವು ವರ್ಷಗಳ ಸಾಲುಗಳಿರುವ ಟೇಬಲ್‌ನಿಂದ, ಪ್ರತಿ ಜಲಾಶಯದ ಕೊನೆಯ ನೀರಿನ ಮಟ್ಟವನ್ನಷ್ಟೇ ಹೆಕ್ಕಿ ತೆಗೆಯಬೇಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಇದಕ್ಕೆ ಸಾಮಾನ್ಯವಾಗಿ ಬಳಕೆಯಲ್ಲಿರುವ ದಾರಿಗಳು ನಾಲ್ಕು. ಸಾಲುಸಾಲಾಗಿ ಮೌಲ್ಯಗಳನ್ನು ಹುಟ್ಟಿಸುವ ‘ಜನರೇಟ್_ಸೀರೀಸ್’ನಿಂದ ಇಂಥದ್ದೇ ಪರೀಕ್ಷಾ ಟೇಬಲ್ ತುಂಬಿಸಿ, ಓಟದ ಹೆಜ್ಜೆಗಳನ್ನೂ ಸಮಯವನ್ನೂ ತೋರಿಸುವ ‘ಎಕ್ಸ್‌ಪ್ಲೇನ್ ಅನಲೈಸ್’ ಹಾಕಿ ನಾಲ್ಕನ್ನೂ ಓಡಿಸಿ ನೋಡಿದೆ. ಕಾಲಂಗಳಿಗೆ ‘ಜಲಾಶಯ’, ‘ಸಮಯ’, ‘ಮಟ್ಟ’ ಎಂದು ಕನ್ನಡ ಲಿಪಿಯಲ್ಲೇ ಹೆಸರಿಟ್ಟಿದ್ದೆ. ಉದ್ಧರಣ ಚಿಹ್ನೆಯ ಹಂಗಿಲ್ಲದೆ ಪೋಸ್ಟ್‌ಗ್ರೆಸ್ ಅವನ್ನು ಒಪ್ಪಿಕೊಳ್ಳುತ್ತದೆ.

ಮೊದಲನೆಯದು ‘ಗ್ರೂಪ್ ಬೈ’ ಮತ್ತು ‘ಮ್ಯಾಕ್ಸ್’. ಜಲಾಶಯವಾರು ಗರಿಷ್ಠ ಸಮಯವನ್ನು ಒಳಗಿನ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯಲ್ಲಿ) ಕಂಡುಕೊಂಡು, ಅದನ್ನು ಮತ್ತೆ ಮೂಲ ಟೇಬಲ್ಲಿಗೆ ಜಾಯಿನ್ ಮಾಡಬೇಕು, ಅಂದರೆ ಜೋಡಿಸಬೇಕು. ಈ ಜಾಯಿನ್ ಏಕೆ, ಮಟ್ಟಕ್ಕೂ ‘ಮ್ಯಾಕ್ಸ್’ ಹಾಕಿದರಾಯಿತಲ್ಲ ಎಂದು ಹೊರಟರೆ ಕ್ವೆರಿ ದೋಷವಿಲ್ಲದೆ ಓಡುತ್ತದೆ, ಆದರೆ ಮೇ ತಿಂಗಳ ಬಿರುಬೇಸಿಗೆಯಲ್ಲೂ ಕೆಆರ್‌ಎಸ್‌ನ ಮಟ್ಟ 124.80 ಅಡಿ ಎಂದೇ ತೋರಿಸುತ್ತದೆ. ಏಕೆಂದರೆ ಅದು ಕೊನೆಯ ಮಟ್ಟವಲ್ಲ, ಹಿಂದೆಂದೋ ಅಣೆಕಟ್ಟೆ ತುಂಬಿದ್ದಾಗಿನ ಮಟ್ಟ. ಜಾಯಿನ್ ಸರಿಯಾಗಿ ಬರೆದಾಗಲೂ ಒಂದೇ ಸಮಯಕ್ಕೆ ಎರಡು ಸಾಲುಗಳಿದ್ದರೆ, ಅಂದರೆ ಮೊದಲ ನಮೂದು ಮತ್ತು ಅದರ ತಿದ್ದುಪಡಿ ಎರಡೂ ಉಳಿದಿದ್ದರೆ, ಎರಡೂ ಹೊರಬರುತ್ತವೆ. ತಿದ್ದುಪಡಿಗಳನ್ನು ಪರಿಶೀಲಿಸುವವರಿಗೆ ಇದು ಅನುಕೂಲವೇ ಹೌದು, ಫಲಕದಲ್ಲಿ ಜಲಾಶಯಕ್ಕೊಂದು ಸಾಲು ಬೇಕೆನ್ನುವವರಿಗೆ ಮಾತ್ರ ತೊಡಕು.

‘ಡಿಸ್ಟಿಂಕ್ಟ್ ಆನ್’ ಬರೆಯುವುದಕ್ಕೆ ಅತ್ಯಂತ ಚಿಕ್ಕದು. ‘ಆರ್ಡರ್ ಬೈ’ನಲ್ಲಿ ಮೊದಲು ಜಲಾಶಯ, ಆಮೇಲೆ ಸಮಯವನ್ನು ಇಳಿಕೆ ಕ್ರಮದಲ್ಲಿ ಕೊಟ್ಟರೆ ಪ್ರತಿ ಗುಂಪಿನ ಮೊದಲ ಸಾಲು ಉಳಿಯುತ್ತದೆ. ಇಲ್ಲಿ ಗಮನಿಸಬೇಕಾದವು ಎರಡು. ಇಳಿಕೆ ಕ್ರಮದಲ್ಲಿ ಪೋಸ್ಟ್‌ಗ್ರೆಸ್ ‘ನಲ್’ (ಖಾಲಿ) ಮೌಲ್ಯಗಳನ್ನು ಮೊದಲಿಗೆ ಇಡುತ್ತದೆ, ಆದ್ದರಿಂದ ಸಮಯವೇ ಇಲ್ಲದ ಸಾಲು ಕೊನೆಯ ದಾಖಲೆಯ ವೇಷದಲ್ಲಿ ಬಂದು ಕೂರಬಹುದು. ‘ನಲ್ಸ್ ಲಾಸ್ಟ್’ ಸೇರಿಸುವುದು, ಇಲ್ಲವೇ ಕಾಲಂ ಅನ್ನೇ ‘ನಾಟ್ ನಲ್’ ಮಾಡುವುದು ಇದಕ್ಕೆ ಪರಿಹಾರ. ಇನ್ನು ಸಮಯ ಒಂದೇ ಆಗಿರುವ ಎರಡು ಸಾಲುಗಳಲ್ಲಿ ಯಾವುದು ಬರುತ್ತದೆಂಬ ಖಾತ್ರಿಯಿಲ್ಲದ ಕಾರಣ, ಸಾಲಿನ ಕ್ರಮಸಂಖ್ಯೆಯನ್ನೂ ‘ಆರ್ಡರ್ ಬೈ’ ಕೊನೆಗೆ ಸೇರಿಸಬೇಕು. ಈ ಸೌಲಭ್ಯ ಎಸ್‌ಕ್ಯೂಎಲ್ ಎಂಬ ಕ್ವೆರಿ ಭಾಷೆಯ ಮಾನದಂಡದ ಭಾಗವಲ್ಲ, ಹಾಗಾಗಿ ಕ್ವೆರಿಯನ್ನು ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ಗೆ ಒಯ್ದರೆ ಓಡುವುದಿಲ್ಲ.

ಒಯ್ಯುವ ಅಗತ್ಯವಿದ್ದರೆ, ಪ್ರತಿ ಗುಂಪಿನ ಸಾಲುಗಳಿಗೆ 1, 2, 3 ಎಂದು ಸಂಖ್ಯೆ ಕೊಡುವ ‘ರೋ_ನಂಬರ್’ ಎಂಬ ವಿಂಡೋ ಫಂಕ್ಷನ್ ಸೂಕ್ತ. ವಿಂಡೋ ಫಂಕ್ಷನ್‌ಗಳು ಪೋಸ್ಟ್‌ಗ್ರೆಸ್‌ಗೆ 2009ರಲ್ಲಿ, 8.4ನೇ ಆವೃತ್ತಿಯೊಂದಿಗೆ ಬಂದವು, ಮೈಎಸ್‌ಕ್ಯೂಎಲ್ 8.0 ಮತ್ತು ಎಸ್‌ಕ್ಯೂಲೈಟ್ 3.25ರಲ್ಲಿ 2018ರಲ್ಲಿ ಸೇರಿದವು. ಸಾಲುಗಳನ್ನು ಸೋಸುವ ‘ವೇರ್’ನಲ್ಲಿ ಇವನ್ನು ನೇರವಾಗಿ ಬಳಸುವಂತಿಲ್ಲದ್ದರಿಂದ ಕ್ವೆರಿಗೆ ಇನ್ನೊಂದು ಹೊರಕವಚ ಬೇಕಾಗುತ್ತದೆ. ಆದರೆ ಕೊನೆಯ ಒಂದಲ್ಲ, ಕೊನೆಯ ಮೂರು ದಾಖಲೆಗಳು ಬೇಕೆಂದರೆ ಒಂದು ಅಂಕಿ ಬದಲಿಸಿದರೆ ಸಾಕು, ಮತ್ತು ‘ರ‍್ಯಾಂಕ್’ ಎಂದು ಬರೆದರೆ ಸಮಾನ ಸಮಯದ ಸಾಲುಗಳೂ ಉಳಿಯುತ್ತವೆ. ಪೋಸ್ಟ್‌ಗ್ರೆಸ್ 15ರಿಂದೀಚೆಗೆ, ಬೇಕಾದ ಸಂಖ್ಯೆ ದಾಟಿದ ಮೇಲೆ ಆ ಗುಂಪಿನ ಉಳಿದ ಸಾಲುಗಳನ್ನು ಎಣಿಸುವ ಕೆಲಸ ತಪ್ಪುತ್ತದೆ. ಓದುವ ಕೆಲಸವೇನೂ ತಪ್ಪುವುದಿಲ್ಲ.

ನಾನು ಅತ್ಯಂತ ಹೆಚ್ಚು ಹೊತ್ತು ಪ್ಲಾನ್ (ಪೋಸ್ಟ್‌ಗ್ರೆಸ್ ಕ್ವೆರಿ ಓಡಿಸುವ ಹೆಜ್ಜೆಗಳ ಪಟ್ಟಿ) ನೋಡುತ್ತ ಕುಳಿತದ್ದು ಈ ಓದಿನ ವಿಷಯಕ್ಕಾಗಿಯೇ. ಜಲಾಶಯ ಮತ್ತು ಸಮಯ ಎರಡರ ಮೇಲೂ ಕೂಡು ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಕ್ರಮವಾಗಿ ಜೋಡಿಸಿದ ಸೂಚಿ) ಕಟ್ಟಿದ ಮೇಲೂ, ‘ಡಿಸ್ಟಿಂಕ್ಟ್ ಆನ್’ ಸಾರ್ಟ್ ಮಾಡುವ ಶ್ರಮವನ್ನು ಉಳಿಸಿಕೊಂಡಿತೇ ಹೊರತು, ಕೆಆರ್‌ಎಸ್‌ನ ಮೊದಲ ಸಾಲು ಸಿಕ್ಕ ಕೂಡಲೇ ಕಬಿನಿಗೆ ಜಿಗಿಯಲಿಲ್ಲ. ನಡುವಿನ ಸಾವಿರಾರು ನಮೂದುಗಳನ್ನು ಒಂದೊಂದಾಗಿ ದಾಟಿಕೊಂಡೇ ಹೋಯಿತು. 2013ರ 9.3ನೇ ಆವೃತ್ತಿಯಲ್ಲಿ ಬಂದ ‘ಲ್ಯಾಟರಲ್’ ಹಾಗಲ್ಲ. ಜಲಾಶಯಗಳ ಹೆಸರುಗಳಷ್ಟೇ ಇರುವ ಚಿಕ್ಕ ಟೇಬಲ್‌ನ ಪ್ರತಿ ಸಾಲಿಗೂ, ಸಮಯದ ಇಳಿಕೆ ಕ್ರಮದಲ್ಲಿ ‘ಲಿಮಿಟ್ 1’ ಹಾಕಿದ ಒಳಕ್ವೆರಿ ಒಮ್ಮೆ ಇಂಡೆಕ್ಸ್‌ಗೆ ಇಳಿದು ಒಂದೇ ಸಾಲನ್ನು ಹಿಡಿದು ತರುತ್ತದೆ. ಗುಂಪುಗಳು ಕಡಿಮೆ, ಗುಂಪಿನೊಳಗಿನ ಸಾಲುಗಳು ವಿಪರೀತ ಎಂಬ ಈ ಪ್ರಕರಣದಲ್ಲಿ ಉಳಿದ ಮೂರೂ ಇದರ ಹತ್ತಿರಕ್ಕೂ ಬರಲಿಲ್ಲ. ಗುಂಪುಗಳೇ ಲಕ್ಷಗಟ್ಟಲೆ ಇದ್ದು ಪ್ರತಿಯೊಂದರಲ್ಲೂ ಎರಡು ಮೂರು ಸಾಲುಗಳಿದ್ದರೆ ಲೆಕ್ಕ ತಿರುಗುಮುರುಗು: ಅಷ್ಟು ಸಲ ಇಂಡೆಕ್ಸ್‌ಗೆ ಇಳಿಯುವುದಕ್ಕಿಂತ ಇಡೀ ಟೇಬಲನ್ನು ಒಮ್ಮೆ ಓದುವುದೇ ಅಗ್ಗ, ಅಲ್ಲಿ ನನ್ನ ಆಯ್ಕೆ ‘ಡಿಸ್ಟಿಂಕ್ಟ್ ಆನ್’.

ವೇಗಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ದಿನಾಂಕದ ಸೋಸುವಿಕೆಯನ್ನು ಎಲ್ಲಿಡಬೇಕೆಂಬುದನ್ನು. ‘ಕಳೆದ 7 ದಿನಗಳು’ ಎಂಬ ಷರತ್ತನ್ನು ಗುಂಪು ಮಾಡುವ ಮೊದಲೇ ಹಾಕಿದರೆ ಓದುವ ಸಾಲುಗಳು ಕಡಿಮೆಯಾಗಿ ಮೊದಲ ಮೂರು ದಾರಿಗಳು ಚುರುಕಾಗಬಹುದು, ಆದರೆ ಹತ್ತು ದಿನಗಳಿಂದ ಮಾಹಿತಿಯನ್ನೇ ಕಳಿಸದ ಜಲಾಶಯ ಸದ್ದಿಲ್ಲದೆ ಪಟ್ಟಿಯಿಂದ ಜಾರಿಹೋಗುತ್ತದೆ. ಮೊದಲು ಪ್ರತಿಯೊಂದರ ಕೊನೆಯ ದಾಖಲೆ ತೆಗೆದು, ಅದು 7 ದಿನಗಳಿಗಿಂತ ಹಳೆಯದೇ ಎಂದು ಹೊರಗೆ ನೋಡಿದರೆ ಅದೇ ಜಲಾಶಯ ‘ಮಾಹಿತಿ ಬಾಕಿ’ ಎಂದು ಕಾಣಿಸುತ್ತದೆ. ‘ಲೆಫ್ಟ್ ಜಾಯಿನ್ ಲ್ಯಾಟರಲ್’ ಬಳಸಿದರಂತೂ ಒಂದೂ ದಾಖಲೆಯಿಲ್ಲದ ಜಲಾಶಯದ ಹೆಸರು ಕೂಡ ಉಳಿಯುತ್ತದೆ.

ಷರತ್ತನ್ನು ಬರೆಯುವ ರೀತಿಗೂ ಇಷ್ಟೇ ಎಚ್ಚರ ಬೇಕು. ಸಮಯದ ಕಾಲಂ ಮೇಲೆ, ಗಂಟೆ ನಿಮಿಷಗಳನ್ನು ಕತ್ತರಿಸಿ ದಿನವನ್ನಷ್ಟೇ ಉಳಿಸಬಲ್ಲ ‘ಡೇಟ್_ಟ್ರಂಕ್’ ಹಾಕಿ ಹೋಲಿಸಿದರೆ ಆ ಕಾಲಂನ ಸಾಮಾನ್ಯ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ. ಆರಂಭದ ಕ್ಷಣ ಸೇರಿ, ಅಂತ್ಯದ ಕ್ಷಣ ಬಿಟ್ಟು ವ್ಯಾಪ್ತಿ ಕೊಟ್ಟರೆ ಬರುತ್ತದೆ. ಆ ಎರಡು ಕ್ಷಣಗಳನ್ನು ಭಾರತೀಯ ಕಾಲಮಾನದಲ್ಲೇ ಲೆಕ್ಕ ಹಾಕಬೇಕು, ಏಕೆಂದರೆ ಸರ್ವರ್ ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿದ್ದರೆ ನಮ್ಮ ನಡುರಾತ್ರಿಯಿಂದ ಬೆಳಗಿನ 5:30ರವರೆಗಿನ ಸಾಲುಗಳೆಲ್ಲ ಹಿಂದಿನ ದಿನದ ಗುಂಪಿಗೆ ಸೇರುತ್ತವೆ.